ಅಮೆರಿಕ ಬಿಟ್ಟ ಕಾಪ್ ಅನ್ಸೆಲ್ಮೊ

ಹಂದಿ ಸುಟ್ಟು ಊರಿಗೆಲ್ಲ ಊಟ ಹಾಕಿಸಿ ಅಮೆರಿಕದ ಪೌರತ್ವ ಬಿಟ್ಟವನು ಫಿಲಿಪೀನ್ಸಿನ ಬೊಹೊಲ್ ದ್ವೀಪದಲ್ಲಿ ಅನ್ಸೆಲ್ಮೊ ಕಗಂಪಾಂಗ್ ಒಬ್ಬನೇ ಇರಬೇಕು. ನೋಟರಿಯ ಮುಂದೆ ಬಲಗೈ ಎತ್ತಿ, ಆ ದೇಶಕ್ಕೂ ನನಗೂ ಇನ್ನು ಸಂಬಂಧವಿಲ್ಲ ಎಂದು ಪ್ರಮಾಣ ಮಾಡಿದ. ಹೊರಗೆ ಬಂದು ಬೆವರು ಒರೆಸಿಕೊಂಡು, ಹಂದಿಯ ಚರ್ಮ ಗರಿಗರಿಯಾಗಿದೆಯೇ ಎಂದು ವಿಚಾರಿಸಿದ. ಎರಡು ದೇಶದ ಪ್ರಜೆಯಾಗಿರುವವನು ಹಳ್ಳಿಯ ಮುಖ್ಯಸ್ಥನ, ಅಂದರೆ ಕ್ಯಾಪ್ಟನ್ ಹುದ್ದೆಗೆ ನಿಲ್ಲುವಂತಿಲ್ಲ. ಹೊರದೇಶವನ್ನು ಬಿಟ್ಟ ಮೇಲೆಯೇ ಚುನಾವಣೆ.

ಅವನಿಗೆ ಆ ಹುದ್ದೆ ಬೇಕೇಬೇಕಿತ್ತು. ಕ್ಯಾಲಿಫೋರ್ನಿಯದ ಸ್ಟಾಕ್ಟನ್ನಿನಲ್ಲಿ ಆಸ್ಪತ್ರೆಯ ಹೊದಿಕೆ, ಹಾಸುಗಳನ್ನು ಒಗೆಯುತ್ತಲೇ ತಲೆ ನರೆಸಿಕೊಂಡವನು. ಅಲ್ಲಿ ಅವನ ಹೆಸರನ್ನು ಸರಿಯಾಗಿ ಕರೆದವರೇ ಇರಲಿಲ್ಲ. ಇಲ್ಲಿ ಕ್ಯಾಪ್ಟನ್ ಆದವನನ್ನು ಊರೆಲ್ಲ ‘ಕಾಪ್’ ಅನ್ನುತ್ತದೆ. ಕೋಳಿ ಅಂಕದಲ್ಲಿ ಮುಂದಿನ ಬೆಂಚು ಬಿಟ್ಟುಕೊಡುತ್ತದೆ, ಸಾವಿನ ಮನೆಯಲ್ಲಿ ಮೊದಲ ಕಾಫಿ ಅವನ ಕೈಗೇ ಬರುತ್ತದೆ. ಮುಪ್ಪಿನಲ್ಲಿ ಇದಕ್ಕಿಂತ ಹೆಚ್ಚಿನದು ಇನ್ನೇನು ಬೇಕು ಎಂದು ಹೆಂಡತಿ ಉರ್ಸುಲಾಳನ್ನು ಕೇಳಿದಾಗ, ಬುದ್ಧಿ ಎಂದಳಂತೆ ಅವಳು.

ಅನ್ಸೆಲ್ಮೊ ಗೆದ್ದ. ಸೋತು ಎರಡನೆಯವನಾದದ್ದು ಚಿಕ್ಕಪ್ಪನ ಮಗ ತೆಬಾನ್. ಅವನು ಬಂದು ಅಪ್ಪಿಕೊಂಡು, ತೆಂಗಿನ ಹೆಂಡ ಕುಡಿಸಿ, ಗೆಲುವಿನ ಊಟದಲ್ಲಿ ಉಳಿದಿದ್ದ ಹಂದಿಮಾಂಸ ಕಟ್ಟಿಸಿಕೊಂಡು ಹೋದ.

ಗೆದ್ದ ಅಮಲಿನಲ್ಲಿ ಅನ್ಸೆಲ್ಮೊ ಮನಿಲಾದ ಅಮೆರಿಕನ್ ರಾಯಭಾರ ಕಚೇರಿಗೂ ಹೋಗಿ ಬಂದ. ಅಮೆರಿಕ ತನ್ನನ್ನು ಹೊರಹಾಕಿದೆ ಎಂದು ಅವರಿಂದಲೇ ಬರೆಸಿಕೊಂಡು, ಕಟ್ಟುಹಾಕಿಸಿ ಸಭಾಭವನದ ಗೋಡೆಗೆ ತೂಗಿಸುವ ಆಸೆ. ಕಿಟಕಿಯ ಹಿಂದಿದ್ದ ಅಧಿಕಾರಿಣಿ ಸಮಾಧಾನದಿಂದ ಹೇಳಿದಳು: ಬೇರೆ ದೇಶದ ಅಧ್ಯಕ್ಷನೋ ಮಂತ್ರಿಯೋ ಆದರೆ ಕೂರಿಸಿ ನಾಲ್ಕು ಪ್ರಶ್ನೆ ಕೇಳುತ್ತೇವೆ, ಹಳ್ಳಿಯ ಮುಖ್ಯಸ್ಥನಾದರೆ ನಮ್ಮದೇನೂ ತಕರಾರಿಲ್ಲ. ನಿಮ್ಮೂರ ನೋಟರಿಯ ಮುಂದೆ ಹೇಳಿದ್ದು ನಿಮ್ಮೂರಿಗಾಯಿತು. ನಮ್ಮನ್ನು ಬಿಡಲೇಬೇಕೆಂದಿದ್ದರೆ ನಮ್ಮ ಮುಂದೆ ನಿಂತು, ಮನಸಾರೆ ಬಿಡುತ್ತೇನೆ ಅನ್ನಬೇಕು, ಶುಲ್ಕವನ್ನೂ ಕಟ್ಟಬೇಕು. ಶುಲ್ಕ ಎಷ್ಟೆಂದು ಕೇಳಿದ ಮೇಲೆ ಅನ್ಸೆಲ್ಮೊನ ದೇಶಪ್ರೇಮ ಸ್ವಲ್ಪ ತಗ್ಗಿತು. ಆದರೆ ಅವನಿಗೆ ನಿಜವಾಗಿ ನೋವಾದದ್ದು ಅದಕ್ಕಲ್ಲ. ಅಷ್ಟು ದೊಡ್ಡ ದೇಶವನ್ನು ಬಿಟ್ಟು ಬಂದರೂ ಅದಕ್ಕೆ ಸಿಟ್ಟೇ ಬಂದಿರಲಿಲ್ಲ.

“ಗಂಡ ಬಿಟ್ಟೆ ಅಂತಾನೆ, ಹೆಂಡ್ತಿ ಬಿಟ್ಟಿಲ್ಲ ಅಂತಾಳೆ. ಇದಕ್ಕೆ ಪೌರತ್ವ ಅನ್ನಲ್ಲ, ಸಂಸಾರ ಅಂತಾರೆ,” ಎಂದಳು ಉರ್ಸುಲಾ.

ಮರುವರ್ಷ ಸ್ಟಾಕ್ಟನ್ನಿನಿಂದ ಅತ್ತಿಗೆಯ ಫೋನು ಬಂತು. ಅಣ್ಣ ಪ್ಲಾಸಿಡೊ ಹಾಸಿಗೆ ಹಿಡಿದಿದ್ದ, ವೈದ್ಯರು ಕೈಚೆಲ್ಲಿದ್ದರು. ಅನ್ಸೆಲ್ಮೊನನ್ನು ಅಮೆರಿಕಕ್ಕೆ ಕರೆಸಿಕೊಂಡವನು, ತನ್ನ ಕೋಣೆಯಲ್ಲೇ ಮಲಗಿಸಿಕೊಂಡು, ತನ್ನ ಕೋಟನ್ನೇ ತೊಡಿಸಿ ಮೊದಲ ದಿನ ಕೆಲಸಕ್ಕೆ ಕರೆದೊಯ್ದವನು ಅವನೇ. ಈಗ ಎಚ್ಚರವಾದಾಗಲೆಲ್ಲ ತಮ್ಮ ಬಂದನಾ ಎಂದು ಕೇಳುತ್ತಿದ್ದ.

ಅನ್ಸೆಲ್ಮೊ ತನ್ನ ಫಿಲಿಪೀನ್ಸಿನ ಪಾಸ್‌ಪೋರ್ಟಿಗೆ ಅಮೆರಿಕದ ವೀಸಾ ಕೇಳಿದ. ನೀವು ನಮ್ಮವರೇ, ನಮ್ಮವರಿಗೆ ನಾವೇ ವೀಸಾ ಕೊಡುವ ಪದ್ಧತಿಯಿಲ್ಲ ಎಂಬ ಉತ್ತರ ಬಂತು. ಉಳಿದದ್ದು ಪೆಟ್ಟಿಗೆಯ ತಳದಲ್ಲಿದ್ದ ಅಮೆರಿಕದ ಪಾಸ್‌ಪೋರ್ಟು. ಅದನ್ನು ಒಂದು ಸಲ ಬಳಸಿದರೂ ತಾನು ಮಾಡಿದ ಪ್ರಮಾಣವನ್ನು ತಾನೇ ಮುರಿದ ಹಾಗೆ. ಕಾನೂನಿನ ಪ್ರಕಾರ ಕುರ್ಚಿ ಕೈಬಿಟ್ಟು, ಚುನಾವಣೆಯಲ್ಲಿ ಎರಡನೆಯವನಾದ ತೆಬಾನನ ಪಾಲಾಗುತ್ತದೆ.

ಆ ಸಂಜೆ ಅವನು ಯಾರದೋ ಸಾವಿನ ಮನೆಯಲ್ಲಿ ಕಾಪ್ ಆಗಿ ಕೂತಿದ್ದ. ಮೊದಲ ಕಾಫಿ ಕೈಗೆ ಬಂತು. ಊರಿನ ಹೆಣಗಳಿಗೆಲ್ಲ ಕಾವಲು ಕೂರುವವನು ಸ್ವಂತ ಅಣ್ಣ ಉಸಿರಾಡುತ್ತಿರುವಾಗ ಹೋಗದಿದ್ದರೆ ತನ್ನದೂ ಒಂದು ಬಾಳೇ ಅನ್ನಿಸಿ ನಾಚಿಕೆಯಾಯಿತು. ಲೋಟ ಕೆಳಗಿಟ್ಟು ನೇರ ತೆಬಾನನ ಮನೆಗೆ ನಡೆದ.

“ನಾನು ಆ ಪಾಸ್‌ಪೋರ್ಟಲ್ಲೇ ಹೋಗ್ತಿದೀನಿ ತೆಬಾನ್. ಕದ್ದು ಹೋದ ಅಂತ ಆಗ್ಬಾರ್ದು, ಅದಕ್ಕೆ ನಿಂಗೆ ಹೇಳ್ದೆ.”

ತೆಬಾನ್ ಗೊಳೋ ಎಂದು ಅತ್ತುಬಿಟ್ಟ. “ಹೋಗಿ ಬಾ ಕಾಪ್. ಪ್ಲಾಸಿಡೊ ಅಣ್ಣ ನನ್ನನ್ನೂ ಹೆಗಲ ಮೇಲೆ ಹೊತ್ತು ತಿರುಗಿದೋನು. ಕುರ್ಚಿ ಎಲ್ಲಿಗೆ ಹೋಗುತ್ತೆ?”

ವಿಮಾನ ನಿಲ್ದಾಣಕ್ಕೆ ತನ್ನ ಬೈಕಿನಲ್ಲೇ ಬಿಟ್ಟುಬಂದ. ರೋಗಿಗೆಂದು ಒಣಮೀನನ್ನೂ ಕಟ್ಟಿಕೊಟ್ಟ. ವಿಮಾನ ಇನ್ನೂ ಆಕಾಶದಲ್ಲಿರುವಾಗಲೇ ಚುನಾವಣಾ ಕಚೇರಿಗೆ ದೂರನ್ನೂ ಕೊಟ್ಟ.

ಅಣ್ಣ ಗುರುತು ಹಿಡಿದ. ನೀನೀಗ ಊರಿಗೆ ಕ್ಯಾಪ್ಟನ್ ಅಂತಲ್ಲೋ, ಅಪ್ಪ ಇರಬೇಕಾಗಿತ್ತು ಎಂದ. ಹೌದಣ್ಣ ಎಂದು ಅನ್ಸೆಲ್ಮೊ ಅವನ ಕೈ ಹಿಡಿದುಕೊಂಡ. ಆ ಮಾತು ಆಗಲೇ ಅರ್ಧ ಸುಳ್ಳಾಗಿತ್ತು. ಪ್ಲಾಸಿಡೊ ಅದನ್ನು ಪೂರ್ತಿ ನಿಜವೆಂದು ನಂಬಿಯೇ ಕಣ್ಣು ಮುಚ್ಚಿದ.

ಅಣ್ಣನನ್ನು ಮಣ್ಣು ಮಾಡಿ ಬಂದವನಿಗೆ ವಿಚಾರಣೆ ಕಾದಿತ್ತು. ಅಲ್ಲಿ ಸಾವಿಗೆ ರಿಯಾಯಿತಿ ಇರಲಿಲ್ಲ. ಒಬ್ಬ ಮನುಷ್ಯನೊಳಗೆ ಎರಡು ನಿಷ್ಠೆ ಇರಲು ಸಾಧ್ಯವೇ ಇಲ್ಲ ಎಂದು ತೆಬಾನನ ವಕೀಲ ಸೊಗಸಾಗಿ ವಾದಿಸಿದ. ಅನ್ಸೆಲ್ಮೊನ ಕುರ್ಚಿ ಹೋಯಿತು. ಹಂದಿ ಸುಡಿಸಿ ಬಿಟ್ಟ ದೇಶ ಮಾತ್ರ ಅವನನ್ನು ಬಿಟ್ಟಿರಲಿಲ್ಲ.

ಸಭಾಭವನದ ಬೀಗದ ಕೈ ಕೇಳಲು ತೆಬಾನ್ ತಾನೇ ಬಂದ. ಬರಿಗೈಲಿ ಬರಬಾರದೆಂದು ಬಾಳೆಲೆಯಲ್ಲಿ ಕಟ್ಟಿದ ಅಕ್ಕಿ ಕಡುಬು ತಂದಿದ್ದ. ಅನ್ಸೆಲ್ಮೊ ಬೀಗದ ಕೈ ಕೊಟ್ಟು ಕೇಳಿದ:

“ಅವತ್ತು ಅತ್ತಿದ್ದು ನಾಟಕಾನಾ?”

ತೆಬಾನನಿಗೆ ನಿಜಕ್ಕೂ ನೋವಾಯಿತು. “ದೇವ್ರಾಣೆ ಇಲ್ಲಣ್ಣ. ಅತ್ತಿದ್ದೂ ನಿಜ, ದೂರು ಕೊಟ್ಟಿದ್ದೂ ನಿಜ. ಒಬ್ಬ ಮನುಷ್ಯನೊಳಗೆ ಎರಡೂ ಇರಬಾರ್ದಾ?”

“ಇರಬಹುದು ತಮ್ಮ,” ಎಂದ ಅನ್ಸೆಲ್ಮೊ. “ವಿಚಾರಣೇಲಿ ನಾನೂ ಅದನ್ನೇ ಹೇಳ್ಕೊಂಡೆ. ನಿನ್ನ ಲಾಯರ್ ಒಪ್ಪಲಿಲ್ಲ.”