ನೂರೈವತ್ತು ದಿರಂನ ಬೊಬ್ಬೆ

ಸತ್ವಾ ಏರಿಯಾದ ನಮ್ಮ ಗಲ್ಲಿಯಲ್ಲಿ ಹಿಂದಕ್ಕೆ ಬರುತ್ತಿದ್ದ ಪಿಕಪ್ ಒಂದು, ನನ್ನ ಮೂರು ವರ್ಷದ ಮಗನಿಗೆ ಇನ್ನೇನು ತಾಗಬೇಕು ಎನ್ನುವಾಗ ನಿಂತಿತು. ನಿಲ್ಲಿಸಿದ್ದು ಎಂಟು ವರ್ಷದ ಮಗಳು ಪ್ರೀಮಾಳ ಒಂದೇ ಕೂಗು. ಗಲ್ಲಿಯ ಟೈಲರುಗಳೆಲ್ಲ ಕತ್ತರಿ ಹಿಡಿದುಕೊಂಡೇ ಹೊರಗೆ ಬಂದರು.

ಪಠಾಣ್ ಡ್ರೈವರ್ ಇಳಿದು ಬಂದ. “ಬೆಹೆನ್‌ಜಿ, ಇಷ್ಟು ಚಿಕ್ಕ ಹುಡುಗಿಗೆ ಇಷ್ಟು ದೊಡ್ಡ ಸ್ವರ ಎಲ್ಲಿಂದ?” ಎಂದು ಹಿಂದಿಯಲ್ಲಿ ಕೇಳಿದ.

ಕರಾಟೆ ಕ್ಲಾಸಿನಿಂದ; ಅಲ್ಲಿ ಒಂದೊಂದು ಏಟಿಗೂ ಒಂದು ಕೂಗು ಹಾಕಿಸುತ್ತಾರೆ. ನಾವು ಆಗ ಅಲ್ಲಿಗೇ ಹೊರಟಿದ್ದೆವು, ಅವಳ ಹೆಸರು ತೆಗೆಸಲು. ಐದು ತಿಂಗಳಾದರೂ ಅವಳ ಒದೆತ ಮೊಣಕಾಲಿಗಿಂತ ಮೇಲೆ ಏರಿರಲಿಲ್ಲ. “ಕೈಕಾಲು ಎಂತದೂ ಬರುದಿಲ್ಲ, ಬೊಬ್ಬೆ ಮಾತ್ರ ಬರ್ತದೆ. ಬೊಬ್ಬೆ ಹಾಕ್ಲಿಕ್ಕೆ ತಿಂಗಳಿಗೆ ನೂರೈವತ್ತು ದಿರಂ ಯಾಕೆ ಮಾರಾಯ್ತಿ?” ಎಂದು ಹಿಂದಿನ ದಿನ ನಮ್ಮವರು ಹೇಳಿದ್ದರು. ನನಗೂ ಸರಿ ಕಂಡಿತ್ತು. ನಮ್ಮದು ಒಂದೇ ವಿಲ್ಲಾದಲ್ಲಿ ನಾಲ್ಕು ಸಂಸಾರ, ನಡುವೆ ಪ್ಲೈವುಡ್ ಗೋಡೆ. ಸಂಜೆಯ ಜಪಮಾಲೆಯನ್ನೂ ಪಿಸುಗುಟ್ಟಿಯೇ ಮುಗಿಸುವವರು ನಾವು. ಮಕ್ಕಳಿಗೆ ನಾನು ಮೊದಲು ಕಲಿಸಿದ ಮಾತು “ಮೆಲ್ಲ.” ಹಾಗಾಗಿ ಪ್ರೀಮಾ ತಮ್ಮನನ್ನು ಎಳೆದುಕೊಂಡು ಬಂದವಳೇ ತಲೆ ತಗ್ಗಿಸಿ, “ಸಾರಿ ಮಮ್ಮಾ, ಜೋರಾಯ್ತು” ಎಂದಳು.

ಮಗನನ್ನು ಉಳಿಸಿಕೊಟ್ಟ ದೇವರಿಗೆ ಸ್ತೋತ್ರ. ಪಿಕಪ್ ಹತ್ತಿರ ಬಂದಾಗ ನಾನೂ ಬಾಯಿ ತೆರೆದಿದ್ದೆ. ಸ್ವರ ಹೊರಡಲಿಲ್ಲ, ದೇವರ ಹೆಸರು ಕೂಡ. ಅಂದು ಹೆಸರು ತೆಗೆಸದೆ ಮಾಸ್ಟರಿಗೆ ಆ ತಿಂಗಳ ಫೀಸು ಕೊಟ್ಟು ಬಂದೆ. ತಾಯಂದಿರಿಗೂ ಕ್ಲಾಸು ಉಂಟಾ ಎಂದು ಅವರಲ್ಲಿ ಕೇಳಲು ಮಾತ್ರ ಇನ್ನೂ ಧೈರ್ಯ ಬಂದಿಲ್ಲ.