ನೇರೇಡುದಿಬ್ಬದ ಆಶ್ರಮ ಮುಚ್ಚಿದ ಮೇಲೆ

ವಿಜಯನಗರಂನ ಗೋಣಿ ಗಿರಣಿಯಲ್ಲಿ ದುಡಿಯುತ್ತಿದ್ದ ವರಾಲಮ್ಮನನ್ನು ಸರ್ಕಾರಿ ಜೀಪು ಹತ್ತಿಸಿದ್ದು ಅವಳ ಬಾಯಿ. ಮಗ ಪೈಡಿರಾಜುವಿಗೆ ಮೀಸೆ ಬಂದು ಎಷ್ಟೋ ಕಾಲವಾಗಿದ್ದರೂ ಬುದ್ಧಿ ಎಳೆ ಮಗುವಿನದಾಗಿಯೇ ಉಳಿದಿತ್ತು. ಗಂಡ ಹೋದ ಮೇಲೆ ಅವನನ್ನು ಒಂಟಿಯಾಗಿ ಬಿಟ್ಟು ಪಾಳಿಗೆ ಹೋಗಲಾರದೆ ಅವಳು ಗಿರಣಿ ಬಿಟ್ಟಳು. ಬೆಳಗಿನ ಹೊತ್ತು ಮನೆ ಮುಂದೆ ಹೆಸರುಕಾಳಿನ ದೋಸೆ, ಪೆಸರಟ್ಟು, ಹೊಯ್ದು ಮಾರತೊಡಗಿದಳು. ಒಂದು ಸೋಮವಾರ ಮಗನ ಕೈ ಹಿಡಿದುಕೊಂಡು ಕಲೆಕ್ಟರರ ಅಹವಾಲು ಸಭೆಗೆ ಹೋಗಿ ನಿಂತಳು.

"ಪಿಂಚಣಿ ಬರ್ತಿಲ್ವೇನಮ್ಮಾ?" ಎಂದರು ಕಲೆಕ್ಟರು.

"ಪಿಂಚಣಿ ಬರ್ತದೆ ಬಾಬು. ನಾನು ಸತ್ತ ಮೇಲೆ ಇವನು ಎಲ್ಲಿರ್ಬೇಕು, ಆ ಜಾಗ ತೋರ್ಸಿ. ನೋಡ್ಕೊಂಡು ಹೋಗ್ತೀನಿ."

ಸಭೆಯಲ್ಲಿದ್ದವರು ನಕ್ಕರು. ಕಲೆಕ್ಟರು ನಗಲಿಲ್ಲ. ಮನಸ್ಸು ಕೆಟ್ಟವರಿಗೂ ಬುದ್ಧಿ ಬೆಳೆಯದವರಿಗೂ ಸರ್ಕಾರ ನಡೆಸುವ ಆಸ್ಪತ್ರೆ, ಆಶ್ರಮಗಳನ್ನು ನೋಡಿ ವರದಿ ಕೊಡುವ ಜಿಲ್ಲಾ ತಂಡವೊಂದು ಆಗಷ್ಟೇ ಸಿದ್ಧವಾಗುತ್ತಿತ್ತು. ತಾಯ್ತಂದೆಯರ ಪರವಾಗಿ ಅದರಲ್ಲಿ ವರಾಲಮ್ಮನ ಹೆಸರು ಸೇರಿತು.

"ಇನ್ಮೇಲೆ ಪೆಸರಟ್ಟಿಗೂ ಅರ್ಜಿ ಹಾಕ್ಬೇಕೇನೇ?" ಎಂದು ಪಕ್ಕದ ಮನೆಯ ರಾಮುಲಮ್ಮ ಛೇಡಿಸಿದಳು.

"ಹಾಕು. ನಿನಗೆ ಮಾತ್ರ ಮೆಣಸಿನಕಾಯಿ ಜಾಸ್ತಿ ಹಾಕ್ಬೇಕು ಅಂತ ಆರ್ಡರ್ ಬರೀತೀನಿ."

ತಂಡದ ಹಿರಿಯರು ನಿವೃತ್ತ ನ್ಯಾಯಾಧೀಶ ಸನ್ಯಾಸಿರಾವು. ಅವರ ಜೊತೆ ಒಬ್ಬ ಡಾಕ್ಟರು. ಮಗನನ್ನು ನೋಡಿಕೊಳ್ಳುವವರಿಲ್ಲದ್ದರಿಂದ ಪೈಡಿರಾಜುವೂ ಜೀಪಿನಲ್ಲೇ ಬರುತ್ತಿದ್ದ. ಹಾಗೆ ಅವರೆಲ್ಲ ನೇರೇಡುದಿಬ್ಬದ ಆಶ್ರಮಕ್ಕೆ ಹೋದರು.

ಮೇಲ್ವಿಚಾರಕಿ ಸೂರ್ಯಕಾಂತಂ ಗಂಡಸರನ್ನು ಕೂರಿಸಿ ಟೀ ತರಿಸಿದಳು. ವರಾಲಮ್ಮ ಕೂರಲಿಲ್ಲ, ಮಗನೊಂದಿಗೆ ಹಿಂದಕ್ಕೆ ನಡೆದಳು. ಉದ್ದನೆಯ ಹಾಲಿನ ತುಂಬ ಜನ. ಗಂಡು ಹೆಣ್ಣೆನ್ನದೆ ಎಲ್ಲರ ತಲೆಯೂ ಬೋಳು. ಬಚ್ಚಲುಗಳಿಗೆ ಬಾಗಿಲಿರಲಿಲ್ಲ. ಮೂಲೆಯ ಮಂಚಕ್ಕೆ ಒಬ್ಬ ಹುಡುಗನ ಕೈಗಳನ್ನು ಹಳೆ ಸೀರೆಯ ಚೂರಿನಿಂದ ಕಟ್ಟಿತ್ತು. ನಡುವಯಸ್ಸಿನ ಹೆಂಗಸೊಬ್ಬಳು ಪಕ್ಕದಲ್ಲಿ ಕೂತು ಅವನಿಗೆ ಗಂಜಿ ಕುಡಿಸುತ್ತಿದ್ದಳು.

"ಯಾರು ಕಟ್ಟಿದ್ದು ಇವನನ್ನ?"

"ನಾನೇ ಪಿನ್ನಿ," ಎಂದಳು ಆಕೆ, ಸ್ವಂತ ಚಿಕ್ಕಮ್ಮನನ್ನು ಕರೆದ ಹಾಗೆ. "ಬಿಟ್ರೆ ಮುಖ ಪರಚ್ಕೋತಾನೆ. ಆಯಾಗಳು ಹಗ್ಗದಲ್ಲಿ ಬಿಗೀತಾರೆ. ಅದಕ್ಕೇ ಅವ್ರು ಬರೋಕ್ ಮುಂಚೆ ನಾನೇ ಮೆತ್ತಗೆ ಕಟ್ಟಿಬಿಡ್ತೀನಿ."

ಅವಳ ಹೆಸರು ಗೌರಿ. ಬಾಣಂತಿಯಾಗಿದ್ದಾಗ ತಲೆ ಕೆಟ್ಟಿತ್ತು. ಮಾತ್ರೆ ನುಂಗುತ್ತ ಸರಿಹೋಗಿ ವರ್ಷಗಳೇ ಆಗಿದ್ದವು. ಕರೆದುಕೊಂಡು ಹೋಗಲು ಮಾತ್ರ ಯಾರೂ ಬಂದಿರಲಿಲ್ಲ. ಮಾತಾಡುತ್ತಲೇ ಅವಳು ಸೆರಗಿನಿಂದ ಪೈಡಿರಾಜುವಿನ ಜೊಲ್ಲು ಒರೆಸಿದಳು. ಹೊಸಬರು ಮುಟ್ಟಿದರೆ ಕಿರುಚುವವನು ಕಿಲಕಿಲ ನಕ್ಕ.

"ನಿನಗೇನು ಬೇಕೇ ಗೌರಿ?"

"ಕೂದ್ಲು ಬಿಡೋಕೆ ಹೇಳಿ ಪಿನ್ನಿ. ಹೂ ಮುಡಿಯೋ ಆಸೆ."

ವರಾಲಮ್ಮ ಹೊರಗೆ ಬಂದವಳೇ, "ಬಾಬು, ಟೀ ಆಮೇಲೆ ಕುಡೀರಿ. ಒಳಗೆ ಬಂದು ನೋಡಿ, ಎಲ್ಲಾನೂ ಬರೀರಿ," ಎಂದಳು.

ಸೂರ್ಯಕಾಂತಂ ಮುಖ ಕೆಂಪಾಯಿತು. "ಬರೀರಿ! ಇಷ್ಟು ಜನಕ್ಕೆ ಇಬ್ಬರೇ ಆಯಾ ಕೊಟ್ಟಿದಾರೆ ಅಂತಾನೂ ಬರೀರಿ. ಕೇಳಿ ಕೇಳಿ ನನ್ನ ಬಾಯಿ ಬಿದ್ದುಹೋಯ್ತು. ನಾಳೆ ಇದನ್ನ ಮುಚ್ಚಿದ್ರೆ ಇವ್ರನ್ನೆಲ್ಲ ನಿಮ್ಮನೆಗೆ ಕರ್ಕೊಂಡು ಹೋಗ್ತೀರೇನಮ್ಮಾ?"

ತಪ್ಪು ಮಾಡಿದವರು ಹೀಗೇ ಅಬ್ಬರಿಸುತ್ತಾರೆ ಎಂದುಕೊಂಡಳು ವರಾಲಮ್ಮ.

ವರದಿ ಹೋಯಿತು. ಪತ್ರಿಕೆಗಳಲ್ಲೂ ಬಂತು. ಬಚ್ಚಲಿಗೆ ಬಾಗಿಲು ಇಡಿಸುವುದಕ್ಕಿಂತ ಗೇಟಿಗೆ ಬೀಗ ಜಡಿಯುವುದು ಮೇಲಿನವರಿಗೆ ಸಲೀಸಾಗಿ ಕಂಡಿತು. ಮನೆ ವಿಳಾಸ ಇದ್ದವರನ್ನು ಅವರವರ ಊರಿಗೆ ಬಿಟ್ಟರು. ಇಲ್ಲದವರನ್ನು ಬಸ್ಸಿಗೆ ತುಂಬಿ ದೂರದ ಜಿಲ್ಲೆಗೆ ಕಳಿಸಿದರು. ವರಾಲಮ್ಮನಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಮಳೆಗಾಲ ಕಳೆದಿತ್ತು. ಮಾರನೆಯ ದಿನವೇ ಅವಳು ಆಶ್ರಮದ ಪಟ್ಟಿಯಲ್ಲಿದ್ದ ವಿಳಾಸ ಹಿಡಿದು ಪಾರ್ವತೀಪುರಂಗೆ, ಗೌರಿಯ ಅಣ್ಣನ ಮನೆ ಹುಡುಕಿಕೊಂಡು ಹೋದಳು.

ಬಾಗಿಲಿಗೆ ಬಂದದ್ದು ಅತ್ತಿಗೆ. "ಗಾಡೀಲಿ ತಂದು ಇಳಿಸಿ ಹೋದ್ರಮ್ಮಾ. ಕೊಟ್ಟ ಮಾತ್ರೆ ಮುಗೀತು. ಮುಂದೆ ಎಲ್ಲಿ ತರ್ಬೇಕು, ಯಾರನ್ನ ಕೇಳ್ಬೇಕು, ಒಬ್ರೂ ಹೇಳ್ಲಿಲ್ಲ. ನಿದ್ದೆ ಬಿಟ್ಲು. ಗೋಡೆ ಜೊತೆ ಮಾತಾಡೋಳು. ನನ್ನ ಮಗಳನ್ನ ನೋಡೋಕೆ ಗಂಡಿನ ಕಡೆಯವ್ರು ಬರೋರಿದ್ರು, ಹಿಂದಿನ ಕೋಣೇಲಿ ಹಾಕಿ ಚಿಲಕ ಹಾಕಿದ್ವಿ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಒಳಗಿಂದ ಅಣ್ಣನ ದನಿ ಬಂತು. "ಹೆಂಚು ಸರಿಸಿ ಹೋಗಿದ್ಲು. ರೈಲು ಹಳಿ ಪಕ್ಕ ಸಿಕ್ಲು. ಗುರುತು ಹಿಡಿಯೋಕೆ ನನ್ನನ್ನೇ ಕರೆದ್ರು. ಕೂದ್ಲು ಬೆಳೆದಿತ್ತು, ಮೊದ್ಲು ನನ್ನ ತಂಗಿ ಅಲ್ಲ ಅಂದುಬಿಟ್ಟೆ."

ವರಾಲಮ್ಮ ಆ ಹೊಸ್ತಿಲ ಮೇಲೇ ಕೂತಳು. ಅತ್ತಿಗೆ ತಂದುಕೊಟ್ಟ ನೀರಿನ ಲೋಟವನ್ನು ಪಕ್ಕಕ್ಕಿಟ್ಟಳು.

ಊರಿಗೆ ಮರಳಿ ಸನ್ಯಾಸಿರಾವು ಅವರ ಮನೆಗೆ ಹೋದಳು. "ನನ್ನ ಹೆಸ್ರು ತೆಗೆಸಿಬಿಡಿ ಬಾಬು."

"ನೀನು ಬರೆಸಿದ್ದು ಸುಳ್ಳೇನಮ್ಮಾ?"

"ಸುಳ್ಳಲ್ಲ. ಆದ್ರೆ ಅಲ್ಲಿದ್ದಾಗ ಅವಳು ಬದುಕಿದ್ಲು."

"ನೀನು ಬಿಟ್ರೆ ಮುಂದಿನ ಸಲ ಗೌರಿ ಅಂಥವ್ರನ್ನ ಮಾತಾಡ್ಸೋರೇ ಇರಲ್ಲ," ಎಂದರು ಮುದುಕರು.

ಅವಳು ಬಿಡಲಿಲ್ಲ. ಆದರೆ ಜೀಪು ಹತ್ತುವಾಗಿನ ಮೊದಲಿನ ಹುರುಪು ಮಾಯವಾಗಿತ್ತು. ಹೋದಲ್ಲೆಲ್ಲ ಒಂದೇ ಮಾತು ಬರೆಸುತ್ತಿದ್ದಳು: ಇಲ್ಲಿಂದ ಯಾರನ್ನೇ ಕಳಿಸಿದರೂ ಅವರು ಹೋಗುವ ಮನೆಯನ್ನು ಮೊದಲು ನೋಡಿ ಬರಬೇಕು, ಮಾತ್ರೆ ಸಿಗುವ ದಾರಿ ಮಾಡಬೇಕು. ಕೆಲವರು ಕೇಳಿದರು. ಹೆಚ್ಚಿನವರು ಕೇಳಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ಕಾವಲಿಯ ಮುಂದೆಯೇ ಅವಳಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಪೈಡಿರಾಜುವನ್ನು ಊರಾಚೆಯ ಸರ್ಕಾರಿ ವಸತಿಗೆ ಸೇರಿಸಬೇಕಾಯಿತು. ಅವಳೇ ನೋಡಿ, ಪರವಾಗಿಲ್ಲ ಎಂದು ಒಪ್ಪಿದ್ದ ಜಾಗವದು. ಭಾನುವಾರ ರಾಮುಲಮ್ಮ ಅವಳನ್ನು ಆಟೋದಲ್ಲಿ ಕರೆದೊಯ್ಯುತ್ತಿದ್ದಳು. ಪೈಡಿರಾಜುವಿಗೆ ಪ್ರಾಣವಾದ ಮುದ್ದಪಪ್ಪು, ಅಂದರೆ ಗಟ್ಟಿ ತೊಗರಿಬೇಳೆ, ಅನ್ನಕ್ಕೆ ಕಲಸಿ, ತುಪ್ಪ ಹಾಕಿ ಒಯ್ಯುತ್ತಿದ್ದರು.

ಅಂಥದೊಂದು ಭಾನುವಾರ ಉಣ್ಣಿಸುವಾಗ ಮಗನ ತೋಳಿನ ಮೇಲೆ ನೀಲಿಗಟ್ಟಿದ ಬೆರಳ ಗುರುತು ಕಂಡಿತು. "ಬಿದ್ದ," ಎಂದಳು ಆಯಾ. ಅದೇ ದಿನ ಹೇಳದೆ ಕೇಳದೆ ಹೊಸ ತಂಡ ಬಂದಿತ್ತು. ಅದರಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹತ್ತಿರ ಬಂದು ಬಗ್ಗಿ ಕೇಳಿದಳು. "ಏನಾದ್ರೂ ದೂರು ಇದೆಯಾಮ್ಮಾ?"

ಆಯಾ ಬಾಗಿಲಲ್ಲೇ ನಿಂತಿದ್ದಳು. ಹೇಳಿದರೆ ಏನಾದೀತು, ಹೇಳದಿದ್ದರೆ ಏನಾದೀತು, ಎರಡೂ ಅವಳಿಗೆ ಗೊತ್ತಿತ್ತು. ಬಲಗೈಯಿಂದ ಮಗನ ಅಂಗಿ ತೋಳನ್ನು ನಿಧಾನಕ್ಕೆ ಮೇಲೆತ್ತಿದಳು.

"ಬರ್ಕೋ ತಲ್ಲಿ, ನನ್ತಾಯಿ. ಜನ ಸಾಲ್ದು, ಇನ್ನೂ ನಾಲ್ಕು ಜನ ಕೊಡಿಸು. ಬೀಗ ಮಾತ್ರ ಹಾಕಿಸ್ಬೇಡ."

"ಅದು ನನ್ನ ಕೈಲಿಲ್ಲಮ್ಮಾ."

"ಗೊತ್ತು. ಬರ್ಕೋ."

ಹೊರಗೆ ಆಟೋದವನು ಹಾರನ್ ಬಾರಿಸಿದ. ರಾಮುಲಮ್ಮನ ಹೆಗಲು ಹಿಡಿದು ಹೊರಡಲು ಎದ್ದರೆ ಪೈಡಿರಾಜು ಸೆರಗು ಬಿಡಲೊಲ್ಲ. ಅದೇ ಆಯಾ ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.

"ಮೆಲ್ಲಗೆ ತಲ್ಲಿ," ಎಂದಳು ವರಾಲಮ್ಮ. "ಮೆಲ್ಲಗೆ."