ಎಡಗೈ ಎತ್ತಿದವಳ ಸೊನ್ನೆ

ಶಿವಮೊಗ್ಗದಲ್ಲಿ ನಡೆದ ಮೂರು ದಿನದ ತರಬೇತಿಗೆ ನಾವು ನಲವತ್ತೊಂದು ಶಿಕ್ಷಕರು ಹೋಗಿದ್ದೆವು. ಮಕ್ಕಳು ತಾವೇ ಯೋಚಿಸಿ ಪ್ರಶ್ನೆ ಕೇಳುವಂತೆ ಮಾಡುವುದು ಹೇಗೆ ಎಂಬುದು ವಿಷಯ. ಆ ಮೂರು ದಿನ ನಾವು ಕೇಳಿದ ಪ್ರಶ್ನೆಗಳು ಹನ್ನೊಂದು ಎಂದು ನನ್ನ ಡೈರಿ ಹೇಳುತ್ತದೆ. ಹಾಜರಾತಿ ಪತ್ರ ಯಾವಾಗ ಕೊಡುತ್ತೀರಿ ಎಂದು ಆರು, ಊಟದ ಬಗ್ಗೆ ನಾಲ್ಕು. ಉಳಿದ ಒಂದು ಫ್ಯಾನಿನದು.

ಕೊನೆಗೆ ತರಬೇತುದಾರರು ಒಂದು ಕೆಲಸ ಕೊಟ್ಟರು. ತರಗತಿಯಲ್ಲಿ ಯಾವ ಮಗು ಎಷ್ಟು ಸಲ ಮಾತಾಡಿತು ಎಂದು ಒಂದು ತಿಂಗಳು ಗೀಟು ಹಾಕಬೇಕು. ಆ ಹಾಳೆ ನೋಡಿ ನಮ್ಮ ಭದ್ರಾವತಿ ತಾಲ್ಲೂಕಿನಿಂದ ಒಬ್ಬರನ್ನು ಮುಂದಿನ ತರಬೇತುದಾರರಾಗಿ ಆರಿಸುತ್ತಾರಂತೆ. ಹಾಲಿನವನು ತಡವಾಗಿ ಬಂದ ದಿನಗಳಿಗೂ ಲೆಕ್ಕ ಇಡುವವಳು ನಾನು. ಆ ಜಾಗ ನನ್ನದೇ ಎಂದುಕೊಂಡೆ.

ನಮ್ಮ ಶಾಲೆಯಲ್ಲೊಂದು ಉಪಾಯವಿತ್ತು. ಪ್ರಶ್ನೆ ಕೇಳಿದೊಡನೆ ಎಲ್ಲ ಮಕ್ಕಳೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ತಪಾಸಣೆಗೆ ಬಂದವರಿಗೆ ಇಡೀ ತರಗತಿ ಜಾಣರಂತೆ ಕಾಣುತ್ತದೆ. ನಾವು ಬಲಗೈಯವರನ್ನಷ್ಟೇ ಕೇಳಿದರಾಯಿತು. ನನ್ನ ಜೊತೆ ತರಬೇತಿಗೆ ಬಂದಿದ್ದ ಹಿರಿಯ ಮೇಷ್ಟ್ರು ಇದನ್ನು ಜೂನ್‌ನಲ್ಲೇ ಕಲಿಸಿಕೊಟ್ಟಿದ್ದರು. ಅಭ್ಯಾಸ ತಪ್ಪದಿರಲೆಂದು ನಾನು ದಿನವೂ ಮಾಡಿಸುತ್ತಿದ್ದೆ.

ತಿಂಗಳ ಕೊನೆಗೆ ನನ್ನ ಇಪ್ಪತ್ತನಾಲ್ಕು ಮಕ್ಕಳಲ್ಲಿ ಇಪ್ಪತ್ತಮೂರು ಹೆಸರಿನ ಮುಂದೆ ಗೀಟುಗಳಿದ್ದವು. ಮೂರನೇ ಬೆಂಚಿನ ಹುಡುಗಿಯದು ಸೊನ್ನೆ.

"ಒಂದೆರಡು ಗೀಟು ಎಳೆದುಬಿಡಿ ಮಾರಾಯ್ತಿ," ಎಂದರು ಹಿರಿಯ ಮೇಷ್ಟ್ರು. "ಗೀಟಿಗೇನು ಬಾಯಿ ಇದ್ಯಾ, ಹೋಗಿ ಹೇಳೋಕೆ?"

ಪೆನ್ನು ತೆಗೆದೆ. ಆದರೂ ಮೊದಲು ಹುಡುಗಿಯನ್ನು ಕರೆದೆ.

"ಒಂದು ದಿನಾನೂ ಉತ್ತರ ಹೇಳಿಲ್ವಲ್ಲ ಪುಟ್ಟಿ, ಯಾಕೆ?"

"ದಿನಾ ಕೈ ಎತ್ತೀನಿ ಮಿಸ್. ನೀವೇ ಕೇಳಲ್ಲ."

"ಯಾವ ಕೈ?"

ಎತ್ತಿ ತೋರಿಸಿದಳು. ಎಡಗೈ, ಬೆರಳಿಗೆ ಪೆನ್ನಿನ ಮಸಿ ಬೇರೆ.

"ಉತ್ತರ ಗೊತ್ತಿದ್ರೆ ಬಲಗೈ ಅಂತ ಹೇಳಿದ್ನಲ್ಲ?"

"ಮರ್ತ್ಹೋಗುತ್ತೆ ಮಿಸ್. ಗೊತ್ತಿದ್ರೆ ಈ ಕೈ ತಾನೇ ಎದ್ದುಬಿಡುತ್ತೆ."

ಅವಳು ಎಡಗೈಯಲ್ಲಿ ಬರೆಯುವುದು ಜೂನ್‌ನಿಂದಲೂ ನನ್ನ ಕಣ್ಣೆದುರೇ ಇತ್ತು. ಡೈರಿಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ, ಅಷ್ಟೆ.

ಶಿವಮೊಗ್ಗದಲ್ಲಿ ಹಾಳೆಗಳನ್ನು ಓದುವ ಸಭೆಯಲ್ಲಿ ಸೊನ್ನೆಯನ್ನು ಸೊನ್ನೆಯೆಂದೇ ಓದಿ, ಕಾರಣವನ್ನೂ ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. "ಈ ಉಪಾಯ ಇನ್ಯಾರ ಶಾಲೆಯಲ್ಲಿದೆ?" ಎಂದು ತರಬೇತುದಾರರು ಕೇಳಿದಾಗ ನಗು ನಿಂತಿತು. ಒಂದು ಕೈಯೂ ಮೇಲೇಳಲಿಲ್ಲ, ಬಲದ್ದೂ ಇಲ್ಲ, ಎಡದ್ದೂ ಇಲ್ಲ.

ಆಯ್ಕೆಯಾದವರು ನಮ್ಮ ಹಿರಿಯ ಮೇಷ್ಟ್ರು. ಅವರ ಹಾಳೆಯಲ್ಲಿ ಒಂದೂ ಸೊನ್ನೆಯಿರಲಿಲ್ಲ. ಭದ್ರಾವತಿಯ ಬಸ್ಸಿನಲ್ಲಿ ಕಿಟಕಿಯ ಸೀಟನ್ನು ನನಗೆ ಬಿಟ್ಟುಕೊಟ್ಟು, "ನಾನು ಹೇಳಿದ್ನಲ್ಲ ಮಾರಾಯ್ತಿ," ಎಂದರು.

ಸೋಮವಾರ ಮಕ್ಕಳಿಗೆ, ಉತ್ತರ ಗೊತ್ತಿದ್ದರೆ ಯಾವ ಕೈಯಾದರೂ ಎತ್ತಬಹುದು ಎಂದೆ. ಮೂರನೇ ಬೆಂಚಿನಿಂದ ಎಡಗೈ ಎದ್ದಿತು.

"ಹಂಗಾದ್ರೆ ಗೊತ್ತಿಲ್ದೋರು ಏನು ಎತ್ತಬೇಕು ಮಿಸ್?"

ನಾನು ಡೈರಿ ತೆಗೆದು ಅವಳ ಹೆಸರಿನ ಮುಂದೆ ಒಂದು ಗೀಟು ಎಳೆದೆ.